ಪರತಂತ್ರ ಕಣಜ ಸಾಕಣೆ: ಮಲೆನಾಡಿನ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ರೈತರು ಪರತಂತ್ರ ಕಣಜ, ಅಂದರೆ ಬೆಳೆಯ ಕೀಟಗಳ ಮೇಲೆ ಬೆಳೆದು ಅವನ್ನು ಕೊಲ್ಲುವ ಕಣಜ, ಸಾಕುವ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಭತ್ತದ ಗದ್ದೆಗೆ ಬಿಡುವ ಟ್ರೈಕೋಗ್ರಾಮ ಅನ್ನುವ ಕಣಜಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಮನೆಯ ಒಂದು ಕೋಣೆಯಲ್ಲಿ, ಕಡಿಮೆ ಖರ್ಚಿನಲ್ಲಿ ಸಾಕಲು ಬರುವುದು ಅದೇ.

ಪರತಂತ್ರ ಕಣಜ ಅಂದರೆ ಸೂರಿಗೆ ಗೂಡು ಕಟ್ಟುತ್ತಲ್ಲ, ಆ ಕಣಜವಾ? ಕಚ್ಚುತ್ತಾ?

ಅಲ್ಲ. ಎರಡಕ್ಕೂ ದೂರದ ನೆಂಟಸ್ತಿಕೆ ಇದೆ, ಅಷ್ಟೇ. ಟ್ರೈಕೋಗ್ರಾಮ ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಉದ್ದ ಇರುತ್ತದೆ. ಬಿಳಿ ಹಾಳೆಯ ಮೇಲೆ ಬಿಟ್ಟರೆ ಪೆನ್ಸಿಲ್ ಚುಕ್ಕೆಗಳು ಓಡಾಡಿದ ಹಾಗೆ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಕೆಂಪು ಕಣ್ಣು, ಅಂಚಿನಲ್ಲಿ ಸಣ್ಣ ರೋಮ ಇರುವ ರೆಕ್ಕೆ ಕಾಣುತ್ತವೆ. ಜನರನ್ನು ಕಚ್ಚುವುದಿಲ್ಲ, ದನಕರುಗಳ ತಂಟೆಗೂ ಹೋಗುವುದಿಲ್ಲ. ಬೆಳೆಯನ್ನಂತೂ ತಿನ್ನುವುದೇ ಇಲ್ಲ. ಅದಕ್ಕೆ ಬೇಕಾಗಿರುವುದು ಪತಂಗ, ಚಿಟ್ಟೆಗಳ ಮೊಟ್ಟೆ. ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಒಳಗಿನ ಮರಿ ಮೊಟ್ಟೆಯ ರಸವನ್ನೆಲ್ಲ ತಿಂದು ಬೆಳೆದು, ಕೊನೆಗೆ ಕಣಜವಾಗಿ ಹೊರಗೆ ಬರುತ್ತದೆ. ಹುಳು ಹುಟ್ಟುವ ಮೊದಲೇ ಅದರ ಕಥೆ ಮುಗಿದಿರುತ್ತದೆ.

ಅಡಿಕೆ, ಮೆಣಸಿನ ಬುಡಕ್ಕೆ ಟ್ರೈಕೋಡರ್ಮ ಹಾಕುತ್ತೇವಲ್ಲ, ಅದೇ ಅಲ್ವಾ ಇದು?

ಅಲ್ಲ. ಟ್ರೈಕೋಡರ್ಮ ಒಂದು ಶಿಲೀಂಧ್ರ. ಬೇರು ಕೊಳೆಯುವ ರೋಗಕ್ಕೆ ಗೊಬ್ಬರದ ಜೊತೆ ಮಣ್ಣಿಗೆ ಹಾಕುವಂಥದ್ದು. ಟ್ರೈಕೋಗ್ರಾಮ ಜೀವಂತ ಕೀಟ. ಕಾರ್ಡ್ ರೂಪದಲ್ಲಿ, ಅಂದರೆ ಒಳಗೆ ಕಣಜ ಬೆಳೆಯುತ್ತಿರುವ ಪತಂಗದ ಮೊಟ್ಟೆಗಳನ್ನು ಹಾಳೆಗೆ ಅಂಟಿಸಿ ಕೊಡುತ್ತಾರೆ. ಅಂಗಡಿಯಲ್ಲಿ ಕೇಳುವಾಗ ‘ಟ್ರೈಕೋ ಕಾರ್ಡ್’ ಅಂತಲೇ ಕೇಳಿ.

ನಮ್ಮ ಕಡೆ ಯಾವ ಬೆಳೆಗೆ ಯಾವ ಕಣಜ?

ಭತ್ತದ ಕಾಂಡ ಕೊರೆಯುವ ಹುಳುವಿಗೆ ಟ್ರೈಕೋಗ್ರಾಮ ಜಪಾನಿಕಮ್. ಎಲೆ ಸುರುಳಿ ಹುಳುವಿಗೆ ಟ್ರೈಕೋಗ್ರಾಮ ಕೈಲೋನಿಸ್. ಭದ್ರಾವತಿ ಕಡೆಯ ಕಬ್ಬಿನ ಸುಳಿ ಕೊರೆಯುವ ಹುಳುವಿಗೂ ಕೈಲೋನಿಸ್ಸೇ. ಶಿಕಾರಿಪುರ, ಸೊರಬದ ಮೆಕ್ಕೆಜೋಳಕ್ಕೆ ಬರುವ ಸೈನಿಕ ಹುಳುವಿಗೆ ಬೇರೆ ಎರಡು ಜಾತಿ ಇವೆ, ಮುಂದೆ ಹೇಳುತ್ತೇನೆ. ತೆಂಗಿನ ಕಪ್ಪು ತಲೆ ಹುಳುವಿಗೆ ಗೋನಿಯೋಜಸ್ ಮತ್ತು ಬ್ರಾಕಾನ್. ಜಾತಿ ತಪ್ಪಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಕಾರ್ಡ್ ಮೇಲೆ ಜಾತಿಯ ಹೆಸರು ಬರೆದಿಲ್ಲದಿದ್ದರೆ ತೆಗೆದುಕೊಳ್ಳಬೇಡಿ.

ಅಡಿಕೆಗೆ?

ಇಲ್ಲ. ಇದನ್ನು ನೇರವಾಗಿ ಹೇಳಿಬಿಡಬೇಕು. ಬೇರು ಹುಳು ಮಣ್ಣಿನೊಳಗಿರುತ್ತದೆ, ಟ್ರೈಕೋಗ್ರಾಮ ಅಲ್ಲಿಗೆ ಹೋಗುವುದಿಲ್ಲ. ಕೊಳೆ ರೋಗ, ಎಲೆ ಚುಕ್ಕೆ ರೋಗಗಳು ಕೀಟದಿಂದ ಬರುವಂಥವೇ ಅಲ್ಲ. ಅಡಿಕೆ ತೋಟಕ್ಕೆ ಕಾರ್ಡ್ ಕಟ್ಟಿ ಅಂತ ಯಾರಾದರೂ ಮಾರಲು ಬಂದರೆ ಯಾವ ಹುಳುವಿಗೆ ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ.

ಕಣಜ ಸಾಕಲು ಪತಂಗ ಯಾಕೆ ಸಾಕಬೇಕು?

ಕಣಜಕ್ಕೆ ಮೊಟ್ಟೆ ಇಡಲು ಬೇರೆ ಕೀಟದ ಮೊಟ್ಟೆ ಬೇಕಲ್ಲ, ಅದಕ್ಕೆ. ಕಾಂಡ ಕೊರಕವನ್ನು ಕೋಣೆಯಲ್ಲಿ ಸಾಕುವುದು ಕಷ್ಟ. ಅದರ ಬದಲು ಅಕ್ಕಿ ಪತಂಗವನ್ನು ಸಾಕುತ್ತೇವೆ. ಪ್ರಯೋಗಾಲಯದವರು ಇದನ್ನು ಕಾರ್ಸೈರಾ ಅನ್ನುತ್ತಾರೆ. ಹಳೇ ಅಕ್ಕಿ, ರವೆ ಡಬ್ಬದಲ್ಲಿ ಬಲೆ ಕಟ್ಟಿಕೊಂಡು ಗಂಟು ಮಾಡುವ ಹುಳು ನೋಡಿರುತ್ತೀರಿ, ಅದೇ. ಕಾಳು ತಿಂದು ಬೆಳೆಯುತ್ತದೆ, ವರ್ಷವಿಡೀ ಸಾಕಬಹುದು, ಮೊಟ್ಟೆಯನ್ನೂ ಚೆನ್ನಾಗಿ ಇಡುತ್ತದೆ.

ಹೊಸಬರು ಇಲ್ಲೇ ಎಡವುತ್ತಾರೆ. ಕಣಜದ ಮೇಲೆ ಗಮನ ಇಡುತ್ತಾರೆ, ಪತಂಗವನ್ನು ಮರೆಯುತ್ತಾರೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಪತಂಗ ಸಾಕುವುದೇ. ಅದು ಸರಿಯಾದರೆ ಕಣಜ ತಾನಾಗಿ ಆಗುತ್ತದೆ.

ಪತಂಗದ ಟ್ರೇ ತಯಾರಿಸುವುದು ಹೇಗೆ?

ಬಿಳಿಜೋಳ ಅಥವಾ ಸಜ್ಜೆಯನ್ನು ಗಿರಣಿಯಲ್ಲಿ ನುಚ್ಚು ಒಡೆಸಿ. ಹಿಟ್ಟಾಗಬಾರದು, ಒಂದು ಕಾಳು ಮೂರ್ನಾಲ್ಕು ಚೂರಾದರೆ ಸಾಕು. ಮೊದಲು ಈ ಕಾಳಿಗೆ ಗೋದಾಮಿನಲ್ಲಿ ಔಷಧಿ ಹಾಕಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಪರಿಚಯದ ರೈತರ ಹತ್ತಿರ ಕೊಂಡರೆ ನೆಮ್ಮದಿ. ನುಚ್ಚನ್ನು 100 ಡಿಗ್ರಿ ಬಿಸಿಯಲ್ಲಿ ಅರ್ಧದಿಂದ ಒಂದು ಗಂಟೆ ಕಾಯಿಸಿದರೆ ಒಳಗಿರುವ ಹಿಟ್ಟಿನ ಹುಳು, ನುಸಿ, ಅವುಗಳ ಮೊಟ್ಟೆ ಎಲ್ಲ ಸಾಯುತ್ತವೆ. ಆಮೇಲೆ ಪೂರ್ತಿ ಆರಬೇಕು.

ಒಂದು ಟ್ರೇ ಅಥವಾ ಅಗಲ ಬೇಸನ್ನಿಗೆ ಎರಡೂವರೆ ಕೆಜಿ ನುಚ್ಚು ಹಾಕಿ. ಅದಕ್ಕೆ 100 ಗ್ರಾಂ ಶೇಂಗಾ ಪುಡಿ, 5 ಗ್ರಾಂ ಯೀಸ್ಟ್, ನುಸಿ ಬರದ ಹಾಗೆ 5 ಗ್ರಾಂ ಗಂಧಕದ ಪುಡಿ ಕಲಸಿ. ಮೇಲೆ ಅರ್ಧ ಸಿಸಿ (ಒಂದು ಸಿಸಿ ಅಂದರೆ ಒಂದು ಮಿಲಿಲೀಟರ್ ಅಳತೆ) ಪತಂಗದ ಮೊಟ್ಟೆಯನ್ನು ಸಮನಾಗಿ ಉದುರಿಸಿ. ತೆಳು ಕಾಡಾ ಬಟ್ಟೆ ಮುಚ್ಚಿ, ಸುತ್ತ ಎಲಾಸ್ಟಿಕ್ ಹಾಕಿ ಬಿಗಿ ಮಾಡಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ, ಇಲ್ಲದಿದ್ದರೆ ಇರುವೆ ಬಂದು ಎಲ್ಲ ಹೊತ್ತುಕೊಂಡು ಹೋಗುತ್ತವೆ.

ಕೆಲವು ದಿನದಲ್ಲಿ ಮರಿಗಳು ನುಚ್ಚನ್ನು ಬಲೆಯಿಂದ ಹೆಣೆಯಲು ಶುರು ಮಾಡುತ್ತವೆ. ಟ್ರೇಗೆ ಕೈ ಹಾಕಿದರೆ ನುಚ್ಚು ಗಂಟು ಗಂಟಾಗಿ ಎದ್ದು ಬರುತ್ತದೆ. ಹಾಗೆ ಆಗುತ್ತಿದ್ದರೆ ಎಲ್ಲ ಸರಿ ಇದೆ ಅಂತ ತಿಳಿಯಿರಿ. 40ರಿಂದ 45 ದಿನಕ್ಕೆ ಮೊದಲ ಪತಂಗ ಏಳುತ್ತದೆ. ಆಮೇಲೆ ತಿಂಗಳಿಗೂ ಮೀರಿ ಏಳುತ್ತಲೇ ಇರುತ್ತವೆ. ಚೆನ್ನಾಗಿ ನೋಡಿಕೊಂಡ ಟ್ರೇಯಿಂದ ಎರಡು, ಎರಡೂವರೆ ಸಾವಿರ ಪತಂಗ ಸಿಗುತ್ತವೆ.

ಮಲೆನಾಡಿನ ಮಳೆಗಾಲದಲ್ಲಿ ಇದೆಲ್ಲ ಆಗುತ್ತಾ? ಬೂಷ್ಟು ಹಿಡಿಯಲ್ವಾ?

ಹಿಡಿಯುತ್ತದೆ. ಬಯಲುಸೀಮೆಯವರಿಗೆ ಇಲ್ಲದ ತೊಂದರೆ ನಮಗೆ ಇದೇ. ಪತಂಗಕ್ಕೆ ಬೇಕಾಗಿರುವುದು 26-28 ಡಿಗ್ರಿ ಶಾಖ, 60-70 ಶೇಕಡಾ ತೇವ. ಆಗುಂಬೆ, ಹುಲಿಕಲ್ಲಿನ ಕಡೆ ಆಷಾಢದಲ್ಲಿ ಹೊರಗಿನ ಗಾಳಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಕಾಳು ತೇವ ಹೀರಿಕೊಂಡು ಹಸಿರು ಬೂಷ್ಟು ಬಂದರೆ ಇಡೀ ಟ್ರೇ ಹೋಯಿತು.

ಆದ್ದರಿಂದ ಮಣ್ಣಿನ ನೆಲದ ಕೋಣೆ ಬೇಡ. ತೋಟದ ಪಕ್ಕದ, ಬಿಸಿಲೇ ಬೀಳದ ಕೋಣೆಯೂ ಬೇಡ. ಸಿಮೆಂಟ್ ನೆಲ, ಒಳಗೆ ಸುಣ್ಣ ಬಳಿದ ಗೋಡೆ, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಇರಲಿ. ನುಚ್ಚನ್ನು ಮೇ ತಿಂಗಳ ಬಿಸಿಲಲ್ಲೇ ಒಣಗಿಸಿ ಗಾಳಿಯಾಡದ ಡ್ರಮ್ಮಿನಲ್ಲಿ ತುಂಬಿಡಿ. ಟ್ರೇಗಳನ್ನು ಒತ್ತೊತ್ತಾಗಿ ಇಡಬೇಡಿ, ಗಾಳಿ ಆಡಬೇಕು. ಜೋರು ಮಳೆಯ ವಾರಗಳಲ್ಲಿ ಕೋಣೆಯಲ್ಲಿ ಒಂದೆರಡು ಹಳೇ ಕಾಲದ ಬಲ್ಬ್ ಹಚ್ಚಿಟ್ಟರೆ ಶಾಖ ಏರುತ್ತದೆ, ತೇವ ಇಳಿಯುತ್ತದೆ. ಅಡಿಕೆ ಬೇಯಿಸುವ ಒಲೆ, ಬಚ್ಚಲ ಒಲೆಯ ಹೊಗೆ ಬರುವ ಕಡೆ ಬೆಚ್ಚಗಿರುತ್ತದೆ ಅಂತ ಟ್ರೇ ಇಡುವವರಿದ್ದಾರೆ. ಹಾಗೆ ಮಾಡಬೇಡಿ. ಹೊಗೆ ಪತಂಗಕ್ಕೂ ಆಗುವುದಿಲ್ಲ, ಕಣಜಕ್ಕೂ ಆಗುವುದಿಲ್ಲ. ಬೂಷ್ಟು ಬಂದ ಟ್ರೇಯನ್ನು ಉಳಿಸಿಕೊಳ್ಳಲು ನೋಡದೆ ಹೊರಗೆ ಒಯ್ದು ಸುಟ್ಟುಬಿಡಿ.

ಹಾಗಾದರೆ ಯಾವಾಗ ಶುರು ಮಾಡಬೇಕು?

ಹಿಂದಿನಿಂದ ಲೆಕ್ಕ ಹಾಕಿ. ಜುಲೈ ಕೊನೆಗೆ ಭತ್ತದ ನೆಟ್ಟಿ ಮುಗಿಯಿತು ಅಂದುಕೊಳ್ಳೋಣ. ನೆಟ್ಟಿಯಾಗಿ 30 ದಿನದ ಸುಮಾರಿಗೆ ಮೊದಲ ಕಾರ್ಡ್ ಗದ್ದೆಗೆ ಹೋಗಬೇಕು. ಅಂದರೆ ಹುಬ್ಬೆ ಮಳೆ ಹಿಡಿಯುವ ಹೊತ್ತು. ಅದಕ್ಕೆ ಒಂದು ವಾರ ಮೊದಲು ಕಣಜ ಮೊಟ್ಟೆ ಇಟ್ಟಿರಬೇಕು. ಅದಕ್ಕೂ ಮೊದಲು ಪತಂಗ ಎದ್ದಿರಬೇಕು. ತಂಪಿನಲ್ಲಿ ಪತಂಗ ನಿಧಾನ, 45 ದಿನಕ್ಕೆ ಇನ್ನೂ ಒಂದು ವಾರ ಹತ್ತು ದಿನ ಸೇರಿಸಿಕೊಳ್ಳಿ. ಎಲ್ಲ ಸೇರಿಸಿ, ಇನ್ನೂ ಸ್ವಲ್ಪ ದಿನ ಕೈಯಲ್ಲಿಟ್ಟುಕೊಂಡರೆ, ಜೂನ್ ಎರಡನೇ ವಾರ, ಮೃಗಶಿರಾ ಮಳೆಯಲ್ಲಿ ಮೊದಲ ಟ್ರೇಗಳು ತಯಾರಾಗಿರಬೇಕು. ಆಮೇಲೆ ವಾರಕ್ಕೊಂದಿಷ್ಟು ಹೊಸ ಟ್ರೇ ಹಾಕುತ್ತಾ ಹೋಗಿ. ಎಲ್ಲ ಒಂದೇ ದಿನ ಹಾಕಿದರೆ ಪತಂಗವೂ ಒಟ್ಟಿಗೇ ಬಂದು ಒಟ್ಟಿಗೇ ಮುಗಿಯುತ್ತದೆ.

ಗದ್ದೆಯಲ್ಲಿ ಬಿಳಿ ತೆನೆ ಕಂಡ ಮೇಲೆ ಕಾರ್ಡ್ ಕೇಳಿಕೊಂಡು ಬರುವವರನ್ನು ನೋಡಿದರೆ ಬೇಜಾರಾಗುತ್ತದೆ. ಆಗ ಹುಳು ಕಾಂಡದೊಳಗೆ ಸೇರಿಯಾಗಿದೆ. ಟ್ರೈಕೋಗ್ರಾಮ ಹುಳುವನ್ನು ಮುಟ್ಟುವುದಿಲ್ಲ, ಮೊಟ್ಟೆಯನ್ನು ಮಾತ್ರ ಮುಟ್ಟುತ್ತದೆ.

ಪತಂಗದಿಂದ ಮೊಟ್ಟೆ ತೆಗೆಯುವುದು ಹೇಗೆ?

ಬೆಳಗ್ಗೆ ಪತಂಗ ಮಂಕಾಗಿ ಬಟ್ಟೆಯ ಒಳಬದಿಗೆ ಕೂತಿರುತ್ತವೆ. ಗಾಜಿನ ಕೊಳವೆ ಮುಚ್ಚಿಯೋ, ಸಣ್ಣ ವ್ಯಾಕ್ಯೂಮ್ ಯಂತ್ರದಿಂದ ಎಳೆದೋ ಹಿಡಿಯಬಹುದು. ಅವನ್ನು ತಳದಲ್ಲಿ ಜಾಲರಿ ಇರುವ ಡಬ್ಬಕ್ಕೆ ಬಿಡಿ. ಹತ್ತಿಯಲ್ಲಿ ನೀರು ಬೆರೆಸಿದ ಜೇನುತುಪ್ಪ ಅದ್ದಿ ಒಳಗೆ ಇಡಿ. ಮೊಟ್ಟೆ ಜಾಲರಿಯಿಂದ ಕೆಳಗಿನ ತಟ್ಟೆಗೆ ಉದುರುತ್ತವೆ. ಮೊದಲ ನಾಲ್ಕು ದಿನದಲ್ಲೇ ಹೆಚ್ಚಿನ ಮೊಟ್ಟೆ ಬರುವುದು. ನೂರು ಜೋಡಿಯಿಂದ ಈ ನಾಲ್ಕು ದಿನದಲ್ಲಿ ಸುಮಾರು ಒಂದೂವರೆ ಸಿಸಿ ಮೊಟ್ಟೆ ಸಿಗುತ್ತದೆ. ಒಂದು ಸಿಸಿ ಅಂದರೆ ಹೆಚ್ಚು ಕಡಿಮೆ 18,000ದಿಂದ 20,000 ಮೊಟ್ಟೆ.

ಮೊಟ್ಟೆಯ ಜೊತೆ ರೆಕ್ಕೆಯ ಪುಡಿಯೂ ಬೀಳುತ್ತದೆ. ಸಣ್ಣ ಜರಡಿಯಲ್ಲಿ ಆಡಿಸಿ ಶುದ್ಧ ಮಾಡಬೇಕು. ಈ ಪುಡಿ ತುಂಬಾ ಅಪಾಯ. ದಿನಾ ಉಸಿರಲ್ಲಿ ಹೋದರೆ ಕೆಮ್ಮು, ಕಣ್ಣುರಿ, ಉಬ್ಬಸ ಶುರುವಾಗುತ್ತದೆ. ಬಾಯಿಗೆ ಸುಮ್ನೆ ಟವೆಲ್ ಕಟ್ಟಿಕೊಂಡರೆ ಸಾಲದು. ಒಳ್ಳೆಯ ಮಾಸ್ಕ್ ಹಾಕಿ, ಹೊರಗೆ ಗಾಳಿ ಎಳೆಯುವ ಫ್ಯಾನ್ ಇಡಿ. ಮೊದಲೇ ಆಸ್ತಮಾ ಇರುವವರು ಪತಂಗದ ಕೋಣೆಗೆ ಹೋಗಲೇಬಾರದು. ಈ ಕೆಲಸಕ್ಕೆ ಹೆಚ್ಚಾಗಿ ಮನೆಯ ಹೆಂಗಸರೇ ಕೂರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಾರ್ಡ್ ಮಾಡುವುದು?

ಗಟ್ಟಿ ಹಾಳೆಗೆ ನೀರಾದ ಗೋಂದು ತೆಳ್ಳಗೆ ಹಚ್ಚಿ, ಮೊಟ್ಟೆಯನ್ನು ಒಂದೇ ಪದರವಾಗಿ ಉದುರಿಸಿ, ಹೆಚ್ಚಾದದ್ದನ್ನು ಕುಂಚದಿಂದ ತೆಗೆಯಿರಿ. ಆರಿದ ಮೇಲೆ 15 ವ್ಯಾಟಿನ ಯುವಿ ಟ್ಯೂಬ್ ಕೆಳಗೆ ಅರ್ಧ ಮುಕ್ಕಾಲು ಗಂಟೆ ಇಡಬೇಕು. ಆ ಬೆಳಕಿಗೆ ಮೊಟ್ಟೆಯೊಳಗಿನ ಪತಂಗದ ಪಿಂಡ ಸಾಯುತ್ತದೆ, ಆದರೆ ಕಣಜಕ್ಕೆ ಅದು ಆಹಾರವಾಗಿ ಉಳಿಯುತ್ತದೆ. ಇದನ್ನು ಬಿಟ್ಟರೆ, ಕಣಜ ಮುಟ್ಟದ ಮೊಟ್ಟೆಗಳಿಂದ ಮರಿ ಹುಳು ಹುಟ್ಟಿ ಕಣಜ ಇರುವ ಮೊಟ್ಟೆಗಳನ್ನೂ ತಿಂದುಹಾಕುತ್ತವೆ. ಆ ಬೆಳಕನ್ನು ಬರಿಗಣ್ಣಿಂದ ನೋಡಬೇಡಿ. ಮುಚ್ಚಿದ ಪೆಟ್ಟಿಗೆಯೊಳಗೆ ಟ್ಯೂಬ್ ಇರಲಿ.

ಆಮೇಲೆ ಆರು ಹೊಸ ಕಾರ್ಡಿಗೆ ಒಂದು ತಾಯಿ ಕಾರ್ಡ್ (ಒಳಗೆ ಕಣಜ ಏಳಲು ಸಿದ್ಧವಾಗಿರುವ ಕಾರ್ಡ್) ಲೆಕ್ಕದಲ್ಲಿ, ಕಣಜ ಏಳುವ ದಿನ ಒಂದೇ ಪಾಲಿಥೀನ್ ಚೀಲಕ್ಕೋ ಗಾಜಿನ ಭರಣಿಗೋ ಹಾಕಿ ಬಾಯಿ ಕಟ್ಟಿ. ಒಳಗೆ ಸಣ್ಣ ಹನಿ ಜೇನುತುಪ್ಪ ಇರಲಿ. ಈಗ ಭೂತಗನ್ನಡಿ ತೆಗೆದುಕೊಂಡು ಸ್ವಲ್ಪ ಹೊತ್ತು ಕೂತು ನೋಡಿ. ಹೆಣ್ಣು ಕಣಜ ಮೊಟ್ಟೆಯ ಮೇಲೆ ಹತ್ತಿ ಮೀಸೆಯಿಂದ ತಟ್ಟುತ್ತಾ ಆ ತುದಿಯಿಂದ ಈ ತುದಿಗೆ ನಡೆಯುತ್ತದೆ. ಅಳತೆ ನೋಡಿಕೊಳ್ಳುತ್ತದೆ. ಸರಿ ಅನ್ನಿಸಿದರೆ ಒಂದು ಕಡೆ ನಿಂತು ಹೊಟ್ಟೆ ಬಗ್ಗಿಸಿ ಚುಚ್ಚುತ್ತದೆ, ಅಲುಗಾಡುವುದೇ ಇಲ್ಲ. ಮುಗಿದ ಮೇಲೆ ಪಕ್ಕದ ಮೊಟ್ಟೆಗೆ ಹೋಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬರುವುದಿಲ್ಲ.

ಮೂರ್ನಾಲ್ಕು ದಿನಕ್ಕೆ ಬಿಳಿ ಮೊಟ್ಟೆ ಕಪ್ಪಾಗುತ್ತದೆ. ಏಳೆಂಟು ದಿನಕ್ಕೆ ಕಣಜ ಹೊರಬರುತ್ತದೆ, ತಂಪಿದ್ದರೆ ಇನ್ನೆರಡು ಮೂರು ದಿನ ತಡ.

ಕಾರ್ಡ್ ಚೆನ್ನಾಗಿದೆ ಅಂತ ಗೊತ್ತಾಗುವುದು ಹೇಗೆ? ಫ್ರಿಜ್ಜಿನಲ್ಲಿ ಇಡಬಹುದಾ?

ಹತ್ತರಲ್ಲಿ ಒಂಬತ್ತು ಮೊಟ್ಟೆ ಕಪ್ಪಾಗಿರಬೇಕು. ಅರ್ಧಂಬರ್ಧ ಕಪ್ಪಾದ ಕಾರ್ಡ್ ಬೇಡ. ಒಂದು ಚೂರು ಕತ್ತರಿಸಿ ಗಾಜಿನ ಬಾಟಲಿಯಲ್ಲಿಟ್ಟು ಕಣಜ ಏಳಲು ಬಿಡಿ. ರೆಕ್ಕೆ ಮುದುರಿದವು ಜಾಸ್ತಿ ಇದ್ದರೆ ಆ ತಳಿ ದುರ್ಬಲವಾಗಿದೆ ಅಂತ ಅರ್ಥ. ವರ್ಷಗಟ್ಟಲೆ ಒಂದೇ ತಳಿಯನ್ನು ಕೋಣೆಯೊಳಗೇ ಸಾಕಿದರೆ ಹೀಗಾಗುತ್ತದೆ. ಹೊಸ ತಾಯಿ ಕಾರ್ಡ್ ತರಿಸಿ.

ಕಪ್ಪಾದ ಕಾರ್ಡನ್ನು 10 ಡಿಗ್ರಿಯ ಸುಮಾರಿಗೆ ಎರಡು ವಾರ ಇಡಬಹುದು. ಐಸ್ ಇರುವ ಮೇಲಿನ ಖಾನೆಯಲ್ಲಿ ಇಟ್ಟರೆ ಎಲ್ಲ ಸಾಯುತ್ತವೆ. ಕೆಳಗೆ, ತರಕಾರಿ ಇಡುವ ಕಡೆ ಇಡಿ. ದಿನಗಟ್ಟಲೆ ಕರೆಂಟ್ ಹೋಗುವ ಊರಾದರೆ ಫ್ರಿಜ್ ನಂಬಿಕೊಂಡು ಜಾಸ್ತಿ ಕಾರ್ಡ್ ಮಾಡಬೇಡಿ.

ಗದ್ದೆಗೆ ಎಷ್ಟು, ಎಲ್ಲಿ ಕಟ್ಟಬೇಕು?

ಕಾಂಡ ಕೊರಕಕ್ಕೆ ಹೆಕ್ಟೇರಿಗೆ ಒಂದು ಲಕ್ಷ ಕಣಜ, ಅಂದರೆ ಎಕರೆಗೆ 40,000. ಒಂದು ಸಿಸಿಯ ಎರಡು ಕಾರ್ಡ್. ವಾರಕ್ಕೊಮ್ಮೆಯಂತೆ ಐದಾರು ವಾರ. ಈ ಕಣಜ ದೂರ ಹಾರುವುದಿಲ್ಲ, ಹತ್ತು ಮೀಟರ್ ಸುತ್ತಲೇ ಅದರ ಓಡಾಟ. ಎರಡು ಕಾರ್ಡನ್ನು 40 ಚೂರು ಮಾಡಿ, ಎಕರೆಯ ತುಂಬಾ ಹತ್ತತ್ತು ಮೀಟರಿಗೆ ಒಂದರಂತೆ ಕಟ್ಟಿ. ಬರೀ ಅಂಚಿನಲ್ಲಿ ಕಟ್ಟಿ ಬಂದರೆ ಗದ್ದೆಯ ನಡುವೆ ಏನೂ ಆಗುವುದಿಲ್ಲ. ಗರಿಯ ಕೆಳಬದಿಗೆ ಸ್ಟೇಪಲ್ ಹೊಡೆಯಿರಿ, ಕಣಜ ಏಳುವ ಹಿಂದಿನ ದಿನ ಸಂಜೆ.

ಮಳೆಗೆ ಒಂದು ಉಪಾಯ ಇದೆ. ಕಾಗದದ ಲೋಟವನ್ನು ಬೋರಲು ಹಾಕಿ ಕಡ್ಡಿಗೆ ಸಿಕ್ಕಿಸಿ, ಚೂರನ್ನು ಅದರ ಒಳಗೆ ಅಂಟಿಸಿ. ಕಾರ್ಡ್ ಒದ್ದೆಯಾಗುವುದಿಲ್ಲ. ಎಡೆಬಿಡದೆ ಸುರಿಯುವ ದಿನ ಮಾತ್ರ ಕಟ್ಟಬೇಡಿ, ಒಂದೆರಡು ದಿನ ಕಾದರೆ ನಷ್ಟವಿಲ್ಲ.

ನೆಟ್ಟಿಗೆ ಮೊದಲು ಸಸಿಯ ತುದಿ ಕತ್ತರಿಸುವುದನ್ನೂ ಬಿಡಬೇಡಿ. ಕಾಂಡ ಕೊರಕದ ಪತಂಗ ಎಲೆಯ ತುದಿಯ ಹತ್ತಿರವೇ ಮೊಟ್ಟೆ ಇಡುವುದು, ಕಂದು ರೋಮ ಮುಚ್ಚಿದ ಸಣ್ಣ ಗುಂಪಾಗಿ ಕಾಣುತ್ತದೆ.

ಔಷಧಿಯನ್ನೂ ಹೊಡೆಯಬಹುದಾ?

ಕೀಟನಾಶಕ ಹೊಡೆದರೆ ಕಣಜ ಮೊದಲು ಸಾಯುತ್ತದೆ. ಕಾರ್ಡ್ ಕಟ್ಟುವ ಮೊದಲು ಒಂದು ವಾರ, ಕಟ್ಟಿದ ಮೇಲೆ ಒಂದು ವಾರ ಏನೂ ಬೇಡ. ವಾರವಾರ ಕಾರ್ಡ್ ಕಟ್ಟುವಾಗ ನಡುವೆ ಹೊಡೆಯಲು ಜಾಗವೇ ಉಳಿಯುವುದಿಲ್ಲ. ಅದೇ ಆಗಬೇಕಾದದ್ದು. ಪಕ್ಕದ ಗದ್ದೆಯವರಿಗೂ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಮೇಲಿನ ತೋಟಕ್ಕೆ ಕೊಳೆ ರೋಗದ ಬೋರ್ಡೋ ದ್ರಾವಣ ಹೊಡೆಯುವ ದಿನವೂ ಕೆಳಗಿನ ಗದ್ದೆಗೆ ಕಾರ್ಡ್ ಕಟ್ಟಬೇಡಿ, ಸಿಂಪಡಣೆ ಗಾಳಿಗೆ ಹಾರಿ ಬಂದು ಬೀಳುತ್ತದೆ.

ಮೆಕ್ಕೆಜೋಳದ ಸೈನಿಕ ಹುಳುವಿಗೆ ಯಾವುದು?

ಅಮೆರಿಕ ಮೂಲದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಇಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರು ಗುರುತಿಸಿದರು. ಇದಕ್ಕೆ ಟ್ರೈಕೋಗ್ರಾಮ ಪ್ರೆಟಿಯೋಸಮ್ ಅಥವಾ ಟೆಲಿನೋಮಸ್ ರೀಮಸ್ ಅನ್ನುವ ಕಣಜವನ್ನು ಎಕರೆಗೆ 50,000ದಂತೆ ವಾರಕ್ಕೊಮ್ಮೆ ಬಿಡಲು ಶಿಫಾರಸು ಇದೆ. ನನ್ನ ಮಾತು ಕೇಳಿದರೆ ಟೆಲಿನೋಮಸ್ ಮೇಲು. ಸೈನಿಕ ಹುಳುವಿನ ಪತಂಗ ಮೊಟ್ಟೆಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟು ಮೇಲೆ ರೋಮ ಹೊದಿಸುತ್ತದೆ. ಟ್ರೈಕೋಗ್ರಾಮಕ್ಕೆ ಒಳಗಿನ ಪದರ ಮುಟ್ಟಲು ಕಷ್ಟ, ಟೆಲಿನೋಮಸ್ ನುಸುಳಿ ಹೋಗುತ್ತದೆ. ಆದರೆ ಅದನ್ನು ಸ್ಪೊಡಾಪ್ಟೆರಾ ಜಾತಿಯ ಪತಂಗಗಳ ಮೊಟ್ಟೆಯ ಮೇಲೆ ಸಾಕಬೇಕು. ಅಕ್ಕಿ ಪತಂಗದಷ್ಟು ಸುಲಭ ಅಲ್ಲ. ಮನೆಯಲ್ಲಿ ಸಾಕುವ ಬದಲು ತರಿಸುವುದೇ ವಾಸಿ.

ತೆಂಗಿನ ಗೋನಿಯೋಜಸ್ ಸಾಕಬಹುದಾ?

ಸಾಕಬಹುದು, ತಾಳ್ಮೆ ಬೇಕು. ಇದು ಮೊಟ್ಟೆಯ ಕಣಜ ಅಲ್ಲ, ಬೆಳೆದ ಹುಳುವಿನ ಕಣಜ. ಒಂದೊಂದು ಗಾಜಿನ ಕೊಳವೆಗೆ ಒಂದು ಹೆಣ್ಣು ಕಣಜ, ಒಂದು ಬಲಿತ ಅಕ್ಕಿ ಪತಂಗದ ಹುಳು ಬಿಡಬೇಕು. ಕಣಜ ಹುಳುವನ್ನು ಚುಚ್ಚಿ ಅಲುಗಾಡದ ಹಾಗೆ ಮಾಡಿ ಮೈಮೇಲೆ ಮೊಟ್ಟೆ ಇಡುತ್ತದೆ. ಆಮೇಲೂ ಬಿಟ್ಟು ಹೋಗುವುದಿಲ್ಲ. ಮರಿಗಳು ಬೆಳೆಯುವ ತನಕ ಅಲ್ಲೇ ಕಾವಲು ಕೂರುತ್ತದೆ. ಮರಕ್ಕೆ 10ರಿಂದ 20 ಕಣಜ ಬಿಡುತ್ತಾರೆ. ತೆಂಗಿನ ಕಪ್ಪು ತಲೆ ಹುಳು ಬೇಸಿಗೆಯಲ್ಲೇ ಜಾಸ್ತಿ, ಹಾಗಾಗಿ ಬೂಷ್ಟಿನ ಕಾಟ ಇಲ್ಲಿಲ್ಲ.

ಬ್ರಾಕಾನ್ ಬಗ್ಗೆ ಒಂದು ಎಚ್ಚರಿಕೆ. ತೆಂಗಿಗೆ ಉಪಕಾರಿಯಾದ ಬ್ರಾಕಾನ್ ಪತಂಗದ ಕೋಣೆಗೆ ನುಗ್ಗಿದರೆ ಟ್ರೇಯಲ್ಲಿರುವ ಹುಳುಗಳನ್ನೇ ಚುಚ್ಚಿ ಮುಗಿಸುತ್ತದೆ. ಎರಡನ್ನೂ ಸಾಕುವವರು ಬೇರೆ ಬೇರೆ ಕಟ್ಟಡದಲ್ಲಿ ಸಾಕಿ. ಬೆಳಗ್ಗೆ ಮೊದಲು ಪತಂಗದ ಕೋಣೆಯ ಕೆಲಸ ಮುಗಿಸಿ, ಆಮೇಲೆ ಕಣಜದ ಕೋಣೆಗೆ ಹೋಗಿ. ತಿರುಗಿ ಬರಬೇಡಿ.

ಜೇನಿಗೆ, ಕಾಡಿನ ಚಿಟ್ಟೆಗಳಿಗೆ ತೊಂದರೆ ಇಲ್ವಾ?

ಜೇನಿಗೆ ಇಲ್ಲ. ಚಿಟ್ಟೆಯ ಪ್ರಶ್ನೆ ಸರಿಯಾದದ್ದೇ. ಟ್ರೈಕೋಗ್ರಾಮ ಬೇರೆ ಚಿಟ್ಟೆ, ಪತಂಗಗಳ ಮೊಟ್ಟೆಯಲ್ಲೂ ಮೊಟ್ಟೆ ಇಡಬಲ್ಲದು. ಆದರೆ ಜಪಾನಿಕಮ್, ಕೈಲೋನಿಸ್ ನಮ್ಮ ಗದ್ದೆ, ಹೊಲಗಳಲ್ಲಿ ಮೊದಲಿಂದಲೂ ಇರುವಂಥವು. ಬದುಕುವುದು ಕೆಲವೇ ದಿನ. ಗದ್ದೆಯೊಳಗೆ ಕಟ್ಟಿದರೆ ಕಾಡಿಗೆ ಹೋಗುವುದು ತೀರಾ ಕಡಿಮೆ. ಕಾಡಿನ ಅಂಚಿನ ಪೊದೆಗಳಿಗೆ ಮಿಕ್ಕ ಕಾರ್ಡ್ ಕಟ್ಟುವ ಅಭ್ಯಾಸ ಮಾತ್ರ ಬೇಡ.

ಒಂದು ಸಲ ಬಿಟ್ಟರೆ ಅವೇ ಬೆಳೆದುಕೊಳ್ಳಲ್ವಾ?

ಕೆಲವು ಹಾಗೆ ಬೆಳೆಯುತ್ತವೆ. ಪಪ್ಪಾಯ ಬಿಳಿ ಹಿಟ್ಟು ತಿಗಣೆಗೆ 2010ರಲ್ಲಿ ಪೋರ್ಟೋರಿಕೋದಿಂದ ಬೆಂಗಳೂರಿಗೆ ತರಿಸಿದ ಅಸೆರೋಫೇಗಸ್ ಕಣಜ ದಕ್ಷಿಣ ಭಾರತದಲ್ಲಿ ತಾನಾಗಿಯೇ ಹಬ್ಬಿ ನಿಂತಿತು. ಟ್ರೈಕೋಗ್ರಾಮದ ಸಂಗತಿ ಬೇರೆ. ಮಳೆಗೆ, ಮೊಟ್ಟೆ ಸಿಗದ ದಿನಗಳಿಗೆ ಅದರ ಸಂಖ್ಯೆ ಕುಸಿಯುತ್ತದೆ. ಬೆಳೆ ಬೆಳೆಗೂ ಹೊಸದಾಗಿ ಬಿಡಬೇಕು.

ಇದರಿಂದ ಸಂಪಾದನೆ ಆಗುತ್ತಾ?

ಮಾರಲೇಬೇಕು ಅಂತ ಶುರು ಮಾಡಬೇಡಿ. ಮಲೆನಾಡಿನಲ್ಲಿ ಭತ್ತ ಹೆಚ್ಚಾಗಿ ಒಂದೇ ಬೆಳೆ, ಕಾರ್ಡಿಗೆ ಬೇಡಿಕೆ ಇರುವುದು ಎರಡು ತಿಂಗಳು. ಪತಂಗ ಮಾತ್ರ ವರ್ಷವಿಡೀ ತಿನ್ನುತ್ತದೆ. ಒಂದು ಬಯಲಿನ ಹತ್ತು ಎಕರೆಯವರು ಸೇರಿ ಒಂದು ಕೋಣೆ ನಡೆಸಿದರೆ ಲೆಕ್ಕ ಕೂಡುತ್ತದೆ. ಹತ್ತು ಎಕರೆಗೆ ವಾರಕ್ಕೆ 20 ಸಿಸಿ ಬೇಕು. ತಾಯಿ ಕಾರ್ಡಿಗೆ, ಮುಂದಿನ ಟ್ರೇಗಳಿಗೆ ಅಂತ ಇನ್ನೂ ಐದಾರು ಸಿಸಿ ಇಟ್ಟುಕೊಳ್ಳಿ. ಅಂದರೆ ವಾರಕ್ಕೆ 1,700 ಜೋಡಿ ಪತಂಗ. ಗದ್ದೆಯೆಲ್ಲ ಒಂದೇ ಬಯಲಲ್ಲಿ ಇರುವುದರಿಂದ ನಡುವೆ ಯಾರೂ ಔಷಧಿ ಹೊಡೆಯುವುದಿಲ್ಲ ಅನ್ನುವುದೂ ಲಾಭವೇ.

ತಾಯಿ ಕಾರ್ಡ್, ತರಬೇತಿ ಎಲ್ಲಿ ಕೇಳಬೇಕು?

ಶುದ್ಧ ತಳಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಹತ್ತಿರದಲ್ಲಿ ಕೇಳಬೇಕೆಂದರೆ ಶಿವಮೊಗ್ಗದ ನವಿಲೆಯಲ್ಲಿರುವ ಕೃಷಿ ಕಾಲೇಜಿನ ಕೀಟಶಾಸ್ತ್ರ ವಿಭಾಗ, ಅಲ್ಲಿನ ಕೃಷಿ ವಿಜ್ಞಾನ ಕೇಂದ್ರ. ಬೆಳೆ, ಹುಳು, ನೆಟ್ಟಿಯ ದಿನ ಮೂರನ್ನೂ ಬರೆದುಕೊಂಡು ಹೋಗಿ, ಏಪ್ರಿಲ್ ಮೇನಲ್ಲೇ ಹೇಳಿಡಿ. ಕಾರ್ಡ್ ತರುವಾಗ ಬಸ್ಸಿನ ಇಂಜಿನ್ ಪಕ್ಕ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಕಣಜ ಏಳುವ ದಿನಾಂಕ ಕಾರ್ಡ್ ಮೇಲೆ ಬರೆಸಿಕೊಂಡೇ ಬನ್ನಿ.